ಸಾರಿಸದೆ ಬಿಟ್ಟ ಗೋಡೆ

ಹೋದ ಮಹಾನವಮಿಯ ಮುಂದೆ ಬೆಟಗೇರಿಯ ನಮ್ಮ ಓಣಿಯಲ್ಲಿ ನಡೆದು ಬರುತ್ತಿದ್ದೆ. ಯಾರದೋ ಮನೆಯ ಹಿತ್ತಲಲ್ಲಿ ದನದ ಹಸಿ ಹೆಂಡಿ ಕಲಸಿ ಗೋಡೆ ಸಾರಿಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗೈ ತಾನಾಗಿಯೇ ಹೆಗಲ ಚೀಲದೊಳಗೆ ಹೋಗಿ ಬ್ಯಾಟರಿ ಹುಡುಕಿತು. ಚೀಲದಲ್ಲಿ ಇದ್ದದ್ದು ಕಾಲೇಜಿನ ಹುಡುಗಿಯರ ಉತ್ತರಪತ್ರಿಕೆ, ಅರ್ಧ ಕಿಲೋ ಬದನೆಕಾಯಿ. ಬೀದಿಯಲ್ಲಿ ಒಬ್ಬಳೇ ನಿಂತು ನಕ್ಕೆ. ಒಂದು ಕಾಲಕ್ಕೆ ಈ ವಾಸನೆ ಬಂದರೆ ನನ್ನ ಎದೆ ಧಸಕ್ ಎನ್ನುತ್ತಿತ್ತು. ಊರಿನ ಹೆಂಗಸರಿಗೆ ಸಾರಿಸಿದ ಗೋಡೆ ಅಂದರೆ ಹಬ್ಬ, ನನಗೆ ಮಾತ್ರ ಖಾಲಿ ಗೋಡೆ.

ನಾನು ಗುಂಗಾಡ ಹಿಡಿದು ಡಾಕ್ಟರ್ ಆದವಳು. ಹೀಗೆಂದರೆ ನಮ್ಮ ಕಡೆಯ ಮಂದಿ ಒಂದು ಗಳಿಗೆ ಮುಖ ನೋಡುತ್ತಾರೆ, ಬಳಿಕ ತಮ್ಮ ನೋಯುವ ಮೊಣಕಾಲು ತೋರಿಸುತ್ತಾರೆ. ಆ ಡಾಕ್ಟರ್ ಬೇರೆ, ನಾನು ಬೇರೆ ಎಂದು ಹೇಳಿ ಹೇಳಿ ಸಾಕಾಗಿದೆ. ಪುಸ್ತಕದಲ್ಲಿ ಆ ಹುಳದ ಹೆಸರು ಮರಳು ನೊಣ. ಹಳ್ಳಿಯವರು ಅದಕ್ಕೆ ಅಷ್ಟು ದೊಡ್ಡಸ್ತಿಕೆ ಕೊಟ್ಟಿಲ್ಲ. ಸಣ್ಣಗಿದ್ದು ಕಚ್ಚುವುದೆಲ್ಲ ಅವರಿಗೆ ಗುಂಗಾಡವೇ. ಸೊಳ್ಳೆಗಿಂತ ಸಣ್ಣದು, ಮಣ್ಣಿನ ಬಣ್ಣ, ಮೈತುಂಬ ಕೂದಲು, ಕೂತಾಗ ಎರಡೂ ರೆಕ್ಕೆ ಮೇಲೆತ್ತಿ ಹಿಡಿದಿರುತ್ತದೆ. ಹಗಲೆಲ್ಲ ದನದ ಕೊಟಗಿಯ ಮಣ್ಣಿನ ಗೋಡೆಯಲ್ಲಿ, ಬಿರುಕು ಸಂದಿ ನೋಡಿ ಅಡಗುತ್ತದೆ. ಬಿಹಾರದ ಕಡೆ ಕಾಲಾ ಅಜಾರ್ ಎಂಬ ಕೆಟ್ಟ ಜ್ವರವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವುದು ಇದೇ ಜಾತಿ. ನಮ್ಮ ಗದಗ ಸೀಮೆಯಲ್ಲಿ ನೊಣ ಇದೆ, ಆ ಜ್ವರದ ಸುದ್ದಿ ಇಲ್ಲ. ಕಾರಣ ಹತ್ತು ಇರಬಹುದು. ಅದರಲ್ಲೊಂದು ನೊಣದ ಹೊಟ್ಟೆಯೊಳಗೇ ಸಂಸಾರ ಹೂಡಿರುವ ಬ್ಯಾಕ್ಟೀರಿಯಾಗಳ ದಂಡು ಇರಬಹುದೇ? ಅವು ಯಾವುವು, ಎಲ್ಲಿಂದ ಬರುತ್ತವೆ, ಮಳೆಗಾಲ ಕಳೆಯುವುದರೊಳಗೆ ಹೇಗೆ ಬದಲಾಗುತ್ತವೆ? ಧಾರವಾಡದ ನಮ್ಮ ಸರ್ ನನಗೆ ಕೊಟ್ಟ ಪ್ರಶ್ನೆ ಇಷ್ಟು. ಇಷ್ಟಕ್ಕೆ ಒಂದು ಇಡೀ ಮಳೆಗಾಲ ಬೇಕಾಯಿತು.

ಆರೇಳು ವರ್ಷದ ಹಿಂದಿನ ಮಾತು. ಶಿರಹಟ್ಟಿಯಿಂದ ಕಪ್ಪತಗುಡ್ಡದ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಊರು. ಹೆಸರು ಬರೆಯುವುದಿಲ್ಲ, ಯಾಕೆಂಬುದು ಮುಂದೆ ತಿಳಿಯುತ್ತದೆ. ಆ ಊರಿನ ಒಂದು ಓಣಿಯ ಎಂಟು ಕೊಟಗಿಗಳನ್ನು ಆರಿಸಿಕೊಂಡಿದ್ದೆ. ಕಾರಹುಣ್ಣಿಮೆಯಿಂದ ಬನ್ನಿ ಹಬ್ಬದ ಮರುದಿನದ ತನಕ, ಹದಿನೈದು ದಿನಕ್ಕೊಮ್ಮೆ, ಅವೇ ಗೋಡೆಗಳ ಮೇಲಿನ ನೊಣ ಹಿಡಿಯಬೇಕು. ಹೆಣ್ಣು ನೊಣವೇ ಬೇಕು, ಕಚ್ಚುವುದು ಅದೊಂದೇ. ಸರ್ ಮೊದಲೇ ಹೇಳಿದ್ದರು: "ಒಂದು ಸುತ್ತು ತಪ್ಪಿದರೆ ಹೆಂಗರ ಸಂಭಾಳಿಸಬಹುದು. ಎರಡು ತಪ್ಪಿದರೆ ಮುಂದಿನ ಮಳೆಗಾಲಕ್ಕೆ ಮೊದಲಿಂದ ಶುರು ಮಾಡು." ಮುಂದಿನ ಮಳೆಗಾಲಕ್ಕೆ ನನ್ನ ಫೆಲೋಶಿಪ್ಪೇ ಇರಲಿಲ್ಲ, ಅದು ಕಡೆಯ ವರ್ಷ. ಎರಡು ತಪ್ಪಿದರೆ ಮೂರು ವರ್ಷದ ಓದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಬೆಳಗಿನ ಮೊದಲ ಬಸ್ಸಿಗೆ ಗದಗ ಬಿಟ್ಟು, ಲಕ್ಷ್ಮೇಶ್ವರದಲ್ಲಿ ಉಳಿದುಕೊಂಡ ದಿನ ಅಲ್ಲಿಂದ ಹೊರಟು, ಹೊತ್ತು ಏರುವುದರೊಳಗೆ ಊರು ಮುಟ್ಟುತ್ತಿದ್ದೆ. ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಗಾಜಿನ ಕೊಳವೆ. ಕೊಳವೆಗೆ ರಬ್ಬರಿನ ಬಾಲ, ಬಾಲದ ತುದಿ ನನ್ನ ಬಾಯಲ್ಲಿ. ನೊಣದ ಹತ್ತಿರ ಕೊಳವೆ ಹಿಡಿದು ಒಂದು ಉಸಿರು ಎಳೆದರೆ ನೊಣ ಒಳಗೆ. ನಡುವೆ ಬಲೆಯ ತುಣುಕು ಇರುವುದರಿಂದ ನುಂಗುವ ಭಯವಿಲ್ಲ. ಇದನ್ನು ಮೊದಲ ಸಲ ನೋಡಿದ ದಿನ ಏಳನೆಯ ಮನೆಯ ನೀಲವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಯವ್ವಾ, ಇಷ್ಟ ಓದಿ ಗುಂಗಾಡ ತಿನ್ನಾಕ ಬಂದಾಳಲ್ಲ ಈ ಹುಡುಗಿ" ಅಂದಳು. ಮರುಕ್ಷಣ ಒಂದು ಲೋಟ ಚಹಾ ತಂದು ಇಟ್ಟಳು. "ಮದ್ಲ ಬಾಯಿ ಮುಕ್ಕಳಿಸ್ರಿ ಅಕ್ಕಾರ, ಆಮ್ಯಾಲ ಕುಡೀರಿ."

ಶಾಲೆಯಲ್ಲಿ ಕಲಿಸುವ ಬಾಯಾರಿಗೆ ಅನ್ನುವಂತೆ ನನಗೂ ಅಕ್ಕಾರ ಎಂಬ ಹೆಸರು ಬಿತ್ತು. ನೀಲವ್ವನಿಗೆ ಆಗ ಐವತ್ತರ ಹತ್ತಿರ. ಎರಡು ಎಮ್ಮೆ, ಒಂದು ಜೋಡಿ ಎತ್ತು, ಮಾತು ಕಡಿಮೆಯ ಗಂಡ, ಕೆಂಪು ಮಣ್ಣಿನ ಮಸಾರಿ ಹೊಲದಲ್ಲಿ ಹೆಸರು, ಶೇಂಗಾ. ಅವಳು ಸಾರಿಸುವುದರಲ್ಲಿ ಓಣಿಗೇ ಹೆಸರಾದವಳು. ಹೆಂಡಿ, ಕೆಮ್ಮಣ್ಣು ಕೂಡಿಸಿ ಅಂಗೈಯಿಂದ ಅರ್ಧಚಂದ್ರದ ಗೆರೆ ಎಳೆಯುತ್ತ ಹೋದರೆ ಒಂದು ಗೆರೆ ಇನ್ನೊಂದಕ್ಕೆ ಮುಟ್ಟುತ್ತಿರಲಿಲ್ಲ. ಪಕ್ಕದ ಆರನೆಯ ಮನೆ ಅವಳ ವಾರಗಿತ್ತಿ ಶಾಂತವ್ವನದು. ಇಬ್ಬರ ಗಂಡಂದಿರೂ ಅಣ್ಣತಮ್ಮಂದಿರು, ನಡುವೆ ಒಂದೇ ಗೋಡೆ. ಆ ಗೋಡೆಯ ಎರಡೂ ಬದಿ ಯಾರು ಚೆಂದ ಸಾರಿಸುತ್ತಾರೆ ಎಂಬ ಪಂತ ಮದುವೆಯಾಗಿ ಬಂದಂದಿನಿಂದ ನಡೆದಿತ್ತು. ಈ ಸಂಗತಿ ನನಗೆ ಮೊದಲೇ ಗೊತ್ತಿದ್ದರೆ ಮುಂದಿನ ಅನಾಹುತ ಆಗುತ್ತಿರಲಿಲ್ಲ.

ಪಂಚಮಿಗೆ ಎರಡು ದಿನ ಇತ್ತು. ಅಂದು ಏಳನೆಯ ಮನೆಯ ಕೊಟಗಿಯಲ್ಲಿ, ದನಕ್ಕೆ ಮೇವು ಹಾಕುವ ಗ್ವಾದಲಿಯ ಹಿಂದಿನ ಗೋಡೆಯಲ್ಲಿ, ಉಳಿದ ಏಳೂ ಮನೆ ಕೂಡಿಸಿದರೂ ಸಿಗದಷ್ಟು ನೊಣ ಸಿಕ್ಕವು. ನನಗೆ ಆಕಾಶ ಮೂರೇ ಗೇಣು. ಕುಣಿಯುತ್ತ ಹೊರಗೆ ಬಂದರೆ ನಳದ ಹತ್ತಿರ ಓಣಿಯ ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದಾರೆ. ಎಲ್ಲರ ಎದುರಿಗೆ, ನನ್ನ ಬಾಯಿಗೆ ಬೆಂಕಿ ಹಾಕಲಿ, ಕೈಯೆತ್ತಿ ಹೇಳಿದೆ:

"ನೀಲವ್ವಾರ ಮನಿನ ನಂಬರ್ ಒನ್ ನೋಡ್ರಿ. ಇಡೀ ಓಣಿಯೊಳಗ ಇವರ ಕೊಟಗ್ಯಾಗಿದ್ದಷ್ಟು ಗುಂಗಾಡ ಎಲ್ಲೂ ಇಲ್ಲ."

ನಾನು ಹೊಗಳುತ್ತಿದ್ದೆ. ಖರೆ ಹೇಳುತ್ತೇನೆ, ಹೊಗಳುತ್ತಿದ್ದೆ. ಶಾಂತವ್ವ ಕೊಡ ಕೆಳಗಿಟ್ಟು ಸಾವಕಾಶ ನಕ್ಕಳು. "ಹೌದೇನ್ರಿ? ಮ್ಯಾಲ ಎಲ್ಲಾ ಥಳಥಳ, ಒಳಗ ಹಿಂಗೈತೇನ" ಅಂದಳು. ನೀಲವ್ವ ತುಂಬದ ಕೊಡವನ್ನೇ ಎತ್ತಿಕೊಂಡು ಮನೆಗೆ ಹೋದಳು. ಅವಳಿಗೆ ಏನೋ ಕೆಲಸ ನೆನಪಾಯಿತು ಅಂದುಕೊಂಡು ನಾನು ಖುಷಿಯಿಂದ ಬಸ್ಸು ಹತ್ತಿದೆ.

ಹದಿನೈದು ದಿನ ಬಿಟ್ಟು ಹೋದರೆ ಓಣಿಯ ಬಾಯಲ್ಲೇ ಆ ವಾಸನೆ. ಹೊಕ್ಕ ಕೊಟಗಿಗಳೆಲ್ಲ ನೆಲದಿಂದ ತೊಲೆಯ ತನಕ ಹೊಸದಾಗಿ ಸಾರಿಸಿವೆ. ಒಂದು ಬಿರುಕಿಲ್ಲ, ಒಂದು ಸಂದಿಯಿಲ್ಲ. ಮೂಲೆ ಮೂಲೆಯಲ್ಲಿ ಬೇವಿನ ತಪ್ಪಲಿನ ಹೊಗೆ ಹಾಕಿ ಎತ್ತುಗಳೂ ಕಣ್ಣೊರೆಸಿಕೊಳ್ಳುವ ಹಾಗಾಗಿದೆ. ಮನೆಯಿಂದ ಮನೆಗೆ ಬ್ಯಾಟರಿ ಬಿಡುತ್ತ ಹೋದೆ. ಎಲ್ಲರೂ ಬಾಗಿಲಲ್ಲಿ ನಿಂತು ಸಂಭ್ರಮದಿಂದ ತೋರಿಸುವವರೇ. "ನೋಡ್ರಿ ಅಕ್ಕಾರ, ಛಲೋತ್ನಾಗಿ ನೋಡ್ರಿ, ಒಂದರ ಸಿಗತೈತೇನು" ಎಂದು ಶಾಂತವ್ವ ನನ್ನ ಹಿಂದೆಯೇ ಬಂದಳು. ಸಿಗಲಿಲ್ಲ. ಏಳನೆಯ ಮನೆಯ ಕೊಟಗಿಗೆ ಒಳಗಿನಿಂದ ಅಗಳಿ ಹಾಕಿತ್ತು. ಬಾಗಿಲ ಸಂದಿಯಿಂದಲೇ ನೀಲವ್ವನ ದನಿ ಬಂತು: "ನಮ್ಮ ಮನ್ಯಾಗ ಏನಿಲ್ಲ. ಹೋಗ್ರಿ ನೀವು."

ಒಂದು ಸುತ್ತು ಹೋಯಿತು.

ಮನೆಗೆ ಬಂದು ಚೀಲ ಮೂಲೆಗೆ ಒಗೆದು ಕೂತೆ. ನಮ್ಮವ್ವ ಮಗ್ಗದ ಮುಂದೆ ಕೂತಿದ್ದಳು. ನಾವು ನೇಕಾರರು, ಎಳೆ ಕಡಿದರೆ ಕಣ್ಣು ಮುಚ್ಚಿ ಕೂಡಿಸುವ ಬೆರಳು ಅವಳದು. ಸೂಕ್ಷ್ಮದರ್ಶಕದ ಕೆಳಗೆ ಎರಡು ಸೂಜಿ ಹಿಡಿದು ನೊಣದ ಹೊಟ್ಟೆ ಬಿಡಿಸುವ ಕೆಲಸ ನನಗೆ ಬೇಗ ಬಂದದ್ದು ಆ ಬೆರಳಿನಿಂದಲೇ ಎಂದು ನನ್ನ ನಂಬಿಕೆ. ಆದರೆ ಬುದ್ಧಿ ಮಾತ್ರ ಅವಳಿಂದ ಬಂದಿರಲಿಲ್ಲ. ನಡೆದದ್ದೆಲ್ಲ ಹೇಳಿದೆ. ಲಾಳಿ ನಿಲ್ಲಿಸಿ ಕೇಳಿದಳು.

"ನಾಕ ಮಂದಿ ಎದುರಿಗೆ ನಿಂತು, ಈಕಿ ಸೀರ್ಯಾಗ ಎಲ್ಲಾರಕಿಂತ ಹೆಚ್ಚು ಎಳಿ ಕಡದಾವ ಅಂತ ನನಗ ಯಾರರ ಅಂದ್ರ, ಅವರನ್ನ ನಾ ಮನ್ಯಾಗ ಬಿಟ್ಕೋತಿದ್ನೇನ ರೇಣಿ? ಅದೂ ವಾರಗಿತ್ತಿ ಎದುರಿಗೆ."

ಆಗ ನನಗೆ ಬೆಳಕಾಯಿತು. ನಾಚಿಕೆ ಅಂದರೆ ಅಂಥಿಂಥ ನಾಚಿಕೆ ಅಲ್ಲ. ಅಂದು ಊಟ ಸೇರಲಿಲ್ಲ. ಅವ್ವ ಟ್ರಂಕಿನಿಂದ ಒಂದು ಕುಬಸದ ಖಣ ತೆಗೆದು ನನ್ನ ಕೈಗಿಟ್ಟಳು. "ಕೊಳವಿ ಗಿಳವಿ ಒಯ್ಯಬ್ಯಾಡ. ಬರೇ ಹೋಗು. ಇದನ್ನ ಕೊಟ್ಟು ತಪ್ಪಾತು ಅನ್ನು."

ಹೋದೆ. ನೀಲವ್ವ ಹೊಲದಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದಳು. ಮೋಡ ಹಾಕಿತ್ತು, ಮಳೆ ಬಂದರೆ ಒಣಗಿದ ಕಾಯಿ ಹಾಳು, ಕೈ ಜಲ್ದಿ ಓಡಬೇಕು. ನನ್ನನ್ನು ನೋಡಿಯೂ ನೋಡದಂತೆ ಇದ್ದಳು. ನಾನೂ ಮಾತಾಡದೆ ಪಕ್ಕದ ಸಾಲು ಹಿಡಿದೆ. ಎರಡು ಸಾಲು ಮುಗಿದ ಮೇಲೆ, "ಹಿಂಗ ಜಗ್ಗಿದ್ರ ಗಿಡನ ಕಿತ್ತು ಬರತೈತಿ" ಎಂದು ನನ್ನ ಕೈ ಹಿಡಿದು ತೋರಿಸಿದಳು. ಮಾತು ಅಲ್ಲಿಂದ ಶುರುವಾಯಿತು. ಬದುವಿನ ಮೇಲೆ ರೊಟ್ಟಿ ಬಿಚ್ಚಿದಾಗ ಖಣ ಕೊಟ್ಟು, "ತಪ್ಪಾತ್ರಿ ನೀಲವ್ವಾರ" ಅಂದೆ. ಅವಳು ಖಣದ ಅಂಚು ನೋಡಿದಳು, ಮಡಚಿ ನಡುವಿಗೆ ಸಿಕ್ಕಿಸಿಕೊಂಡಳು.

"ಖರೆ ಹೇಳ್ರಿ. ನಮ್ಮ ಮನ್ಯಾಗನ ಯಾಕ ಹೆಚ್ಚು? ನಾ ಹೊಲಸ ಇಟ್ಟೀನೇನು?"

ಇಲ್ಲವೆಂದೆ. ಎಮ್ಮೆ ಎರಡು ಇವೆ, ಗೋಡೆ ಹಳೆಯದು, ಮಣ್ಣು ಮೆತ್ತಗಿದೆ, ಗ್ವಾದಲಿಯ ಹಿಂದೆ ಗಾಳಿ ಬೀಸುವುದಿಲ್ಲ, ನೆಲ ತಂಪು. ನೊಣಕ್ಕೆ ಬೇಕಾದ್ದು ಅಷ್ಟೇ. ಗಾಳಿ ಬೆಳಕಿನ ಬಂಗಲೆಯಾದರೂ ಅಂಥ ಮೂಲೆ ಇದ್ದರೆ ಅದು ಬರುತ್ತದೆ. ಅವಳು ತಲೆದೂಗಿದಳು. ಬಳಿಕ ಇನ್ನೊಂದು ಕೇಳಿದಳು, ಅದು ನನ್ನ ವೈವಾ ಪರೀಕ್ಷೆಯಲ್ಲೂ ಯಾರೂ ಅಷ್ಟು ಸರಳವಾಗಿ ಕೇಳದ ಪ್ರಶ್ನೆ: "ಆತು, ಅದನ್ನ ಒಯ್ದು ಏನ ಮಾಡತೀರಿ?"

ಹೊಟ್ಟೆ ಬಿಚ್ಚಿ ನೋಡುತ್ತೇನೆ ಎಂದೆ. ಸಾಸಿವೆಯ ಸಿಪ್ಪೆಯಷ್ಟೂ ಇಲ್ಲದ ಹೊಟ್ಟೆ. ಅದರೊಳಗೆ ಕಣ್ಣಿಗೆ ಕಾಣದ ಜೀವಗಳು ಸಾವಿರಗಟ್ಟಲೆ, ಒಂದೇ ಜಾತಿಯಲ್ಲ, ಹಲವು ಜಾತಿ ಕೂಡಿ ಇರುತ್ತವೆ. ಕೆಲವು ನೊಣಕ್ಕೆ ಅರಗಿಸಲು ಸಹಾಯ ಮಾಡಬಹುದು, ಕೆಲವು ಸುಮ್ಮನೆ ಇರಬಹುದು, ಕೆಲವು ಜ್ವರದ ಹುಳ ಒಳಗೆ ಬಂದರೆ ಅದಕ್ಕೆ ಜಾಗ ಕೊಡದೆ ಇರಬಹುದು. ಹೇಳುತ್ತ ಹೇಳುತ್ತ ನನಗೇ ಗೊಂದಲವಾಗಿ ನಿಲ್ಲಿಸಿದೆ. ನೀಲವ್ವ ರೊಟ್ಟಿಯ ಮೇಲಿನ ಗಟ್ಟಿ ಮೊಸರನ್ನು ಬೆರಳಿನಿಂದ ತೋರಿಸಿದಳು.

"ಹೆಪ್ಪು ಅನ್ನಲಾ."

"ಹೂಂರಿ" ಅಂದೆ.

"ನಮ್ಮ ಹೆಪ್ಪು ಬ್ಯಾರೆ, ಶಾಂತವ್ವನ ಹೆಪ್ಪು ಬ್ಯಾರೆ. ಆಕಿದು ಹುಳಿ ಹೆಚ್ಚು. ಒಳ್ಳೆ ಹೆಪ್ಪು ಮದ್ಲ ಹತ್ತಿಬಿಟ್ರ ಕೆಟ್ಟದ್ದು ಆಮ್ಯಾಲ ಹತ್ತಂಗಿಲ್ಲ. ಇದನ್ನ ನೋಡಾಕ ಧಾರವಾಡದ ತನಕ ಓದಬೇಕಾತೇನು?"

ನಾನು ರೊಟ್ಟಿ ಬಿಟ್ಟು ಅವಳ ಮುಖವನ್ನೇ ನೋಡಿದೆ. ಸರ್ ಮೂರು ವರ್ಷದಿಂದ ನನಗೆ ತಿಳಿಸಲು ಒದ್ದಾಡಿದ್ದು ಬದುವಿನ ಮೇಲೆ ಮೂರು ಮಾತಿನಲ್ಲಿ ಮುಗಿದಿತ್ತು. ಅಂದು ಸಂಜೆ ಕೊಟಗಿಯ ಅಗಳಿ ತೆಗೆಯಿತು. ಒಂದೇ ಕರಾರು: "ನನ್ನ ಹೆಸರ ಮಾತ್ರ ಎಲ್ಲೂ ಬರೀಬ್ಯಾಡ್ರಿ. ಊರ ಹೆಸರೂ ಬ್ಯಾಡ." ಆಗಲಿ ಎಂದು ಆಣೆ ಮಾಡಿದೆ. ನನ್ನ ವಹಿಯಲ್ಲಿ ಅವಳ ಗೋಡೆ "ಮನೆ ೭" ಆಗಿಯೇ ಉಳಿಯಿತು.

ಶ್ರಾವಣದ ಜಿಟಿಜಿಟಿ ಮಳೆಗೆ ಹೊಸ ಸಾರಣೆ ಮತ್ತೆ ಅಲ್ಲಲ್ಲಿ ಬಿರಿಯಿತು, ನೊಣ ಮರಳಿ ಬಂತು. ನಾನು ಬಾಯಿ ಮುಚ್ಚಿಕೊಂಡು ಕೆಲಸ ಮಾಡಲು ಕಲಿತೆ. ಎಷ್ಟು ಸಿಕ್ಕವು ಎಂದು ಯಾರಾದರೂ ಕೇಳಿದರೆ, "ಎಲ್ಲಾರ ಮನ್ಯಾಗೂ ಸರಿಸಮ" ಎನ್ನುತ್ತಿದ್ದೆ. ಹಿಡಿದ ನೊಣಗಳನ್ನು ಐಸಿನ ಡಬ್ಬಿಯಲ್ಲಿಟ್ಟು ತೊಡೆಯ ಮೇಲೆ ಹೊತ್ತು ಬಸ್ಸಿನಲ್ಲಿ ಕೂತರೆ, ಕಿಟಕಿಯ ಹೊರಗೆ ಗುಡ್ಡದ ಕಡೆಯಿಂದ ಹಸಿ ಹುಲ್ಲಿನ ಗಾಳಿ. ಮರುದಿನ ಪ್ರಯೋಗಾಲಯದಲ್ಲಿ ನೊಣದ ಮೈಯನ್ನು ಸ್ಪಿರಿಟ್ಟಿನಿಂದ ತೊಳೆದು, ಹೊಟ್ಟೆ ಬಿಡಿಸಿ, ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಯ ಮೇಲೆ ಸವರಿ ಇಡುತ್ತಿದ್ದೆ. ಎರಡು ದಿನಕ್ಕೆ ತಟ್ಟೆಯಲ್ಲಿ ಹಳದಿ, ಕೆನೆ, ಗುಲಾಬಿ ಬಣ್ಣದ ಚುಕ್ಕಿಗಳು ಏಳುತ್ತಿದ್ದವು. ಬೆಳಿಗ್ಗೆ ಬಂದು ಆ ಮುಚ್ಚಳ ತೆಗೆಯುವ ಗಳಿಗೆಯಷ್ಟು ಸುಖ ನನಗೆ ಆಮೇಲೆ ಯಾವ ಪದವಿಯಲ್ಲೂ ಸಿಕ್ಕಿಲ್ಲ.

ಹೀಗೆ ಎಲ್ಲ ನೆಟ್ಟಗೆ ನಡೆದಿರುವಾಗ ಮಹಾನವಮಿ ಬಂತು. ಬನ್ನಿಯ ಮರುದಿನ ನನ್ನ ಕಡೆಯ ಸುತ್ತು ಎಂದು ಕಾರಹುಣ್ಣಿಮೆಗೇ ಬರೆದುಕೊಂಡಿದ್ದೆ. ನವರಾತ್ರಿಗೆ ದೇವರ ಮುಂದೆ ಘಟ್ಟ ಕೂಡ್ರಿಸುವುದಕ್ಕಿಂತ ಮೊದಲು ಊರಿಗೆ ಊರೇ ಮನೆ ತೊಳೆದು, ಸಾರಿಸಿ, ಸುಣ್ಣ ಹಚ್ಚುತ್ತದೆ ಎಂಬುದು ನನ್ನ ತಲೆಗೇ ಹೊಳೆದಿರಲಿಲ್ಲ. ಹೋಗಲಿ, ನಾನೇನು ವಿಲಾಯತಿಯಿಂದ ಬಂದವಳೇ? ನಮ್ಮವ್ವ ಪ್ರತಿ ವರ್ಷ ನನ್ನ ಕೈಯಲ್ಲೇ ಗೋಡೆ ಸಾರಿಸುತ್ತಿದ್ದಳು. ಓದು ಹೆಚ್ಚಾದರೆ ಇಂಥವೇ ಮರೆಯುತ್ತವೆ. ಅಮವಾಸ್ಯೆಯ ಹಿಂದಿನ ಸುತ್ತಿಗೆ ಹೋದಾಗ ಓಣಿಯ ತುಂಬ ಕೆಮ್ಮಣ್ಣಿನ ಗುಂಪೆ ಬಿದ್ದಿತ್ತು. ಎದೆ ಒಡೆಯಿತು. ಹಬ್ಬದ ಸಾರಣೆ ನಿಲ್ಲಿಸಿರಿ ಅನ್ನುವ ಬಾಯಿ ಯಾರಿಗಿದೆ? ನೀಲವ್ವನಿಗೆ ಇದ್ದದ್ದು ಇದ್ದಂತೆ ಹೇಳಿದೆ: ಇದೊಂದು ಸುತ್ತು ತಪ್ಪಿದರೆ ನನ್ನ ಓದು ಮುಗಿಯಿತು. ಕಣ್ಣಲ್ಲಿ ನೀರೂ ಬಂತು. ಅವಳು ಹೆಂಡಿಯ ಬುಟ್ಟಿ ಹಿಡಿದು ನಿಂತಿದ್ದಳು. "ಹಬ್ಬ ನಮ್ಮ ಕೈಯಾಗಿಲ್ಲ ಅಕ್ಕಾರ" ಅಂದಳು, ಒಳಗೆ ಹೋದಳು.

ಬನ್ನಿಯ ಮರುದಿನ ಸುಮ್ಮನೆ ಹೋಗಬೇಕಲ್ಲ ಎಂದು ಹೋದೆ. ಅವ್ವ ಕೊಟ್ಟ ಬನ್ನಿ ಎಲೆ ಚೀಲದಲ್ಲಿತ್ತು. ಓಣಿ ಕನ್ನಡಿಯಂತೆ ಹೊಳೆಯುತ್ತಿತ್ತು. ಒಂದರಿಂದ ಆರರ ತನಕ ಬ್ಯಾಟರಿ ಬಿಡಬೇಕೆಂದೂ ಅನ್ನಿಸಲಿಲ್ಲ. ನೀಲವ್ವನ ಕೊಟಗಿಯೊಳಗೆ ಕಾಲಿಟ್ಟವಳು ಅಲ್ಲಿಯೇ ನಿಂತೆ.

ಮೂರು ಗೋಡೆ ಹೊಸದಾಗಿ ಸಾರಿಸಿದ್ದವು. ಗ್ವಾದಲಿಯ ಹಿಂದಿನ ನಾಲ್ಕನೆಯ ಗೋಡೆ ಹಾಗೆಯೇ ಇತ್ತು, ಹಳೆಯ ಮಣ್ಣು, ಹಳೆಯ ಬಿರುಕು. ಅದರ ಸುತ್ತ ನಾಲ್ಕೂ ಕಡೆ ಬೆರಳಗಲ ಸುಣ್ಣದ ಪಟ್ಟಿ ಎಳೆದಿದ್ದಳು, ಪಟ್ಟಿಯ ಮೇಲೆ ಕೆಮ್ಮಣ್ಣಿನ ಚುಕ್ಕಿ. ಪಟ್ಟಿಯ ಅಂಚಿನ ತನಕ ಅವಳ ಅರ್ಧಚಂದ್ರದ ಗೆರೆಗಳು ಬಂದು ನಿಂತಿದ್ದವು, ಒಂದೂ ದಾಟಿರಲಿಲ್ಲ. ದೇವರ ಪಟಕ್ಕೆ ಚೌಕಟ್ಟು ಹಾಕಿದ ಹಾಗೆ ಆ ಬಿರುಕು ಗೋಡೆಗೆ ಚೌಕಟ್ಟು ಹಾಕಿದ್ದಳು.

ಹಿಂದಿನ ದಿನ ಬನ್ನಿ ಕೊಡಲು ಬಂದವರೆಲ್ಲ ಅದನ್ನು ನೋಡಿ ಹೋಗಿದ್ದರಂತೆ. ಹಬ್ಬದ ದಿನ ಸಾರಿಸದ ಗೋಡೆ! ಶಾಂತವ್ವ ಎಲ್ಲರ ಎದುರಿಗೆ, "ಇದ್ಯಾಕ ಹಿಂಗ ಬಿಟ್ಟೀಯವ್ವ, ಹೆಂಡಿ ಸಾಲಲಿಲ್ಲೇನು" ಎಂದು ಕೇಳಿದಳಂತೆ. ನೀಲವ್ವ ಎದೆ ಸೆಟೆಸಿ ಹೇಳಿದ್ದು ಇಷ್ಟೇ: "ಅದು ನಂದಲ್ಲ. ಅಕ್ಕಾರ ಗ್ವಾಡಿ."

ಬನ್ನಿ ಎಲೆ ಕೊಟ್ಟು ಅವಳ ಕಾಲು ಮುಟ್ಟಿದೆ. "ಏಳು, ಏಳು. ಹೊತ್ತೇರಿದ್ರ ನಿನ್ನ ಗುಂಗಾಡ ಹಾರಿ ಹೋಗತಾವ" ಎಂದಳು. ಅಂದೇ ಮೊದಲ ಸಲ ನನ್ನನ್ನು ನೀನು ಎಂದದ್ದು. ಉಳಿದ ಮೂರು ಗೋಡೆ ಬಿಟ್ಟು ಬಂದ ನೊಣಗಳೆಲ್ಲ ಅದೊಂದೇ ಗೋಡೆಗೆ ಬಂದು ಕೂತಿದ್ದವು. ಬೇಕಾದಷ್ಟು ಸಿಕ್ಕವು, ಬೇಕಾದದ್ದಕ್ಕಿಂತ ಹೆಚ್ಚು ಸಿಕ್ಕವು. ಕೊನೆಗೆ ಗೋಡೆಯ ಒಂದು ಚಿಟಿಕೆ ಮಣ್ಣನ್ನೂ ಕೆರೆದು ಶೀಶೆಗೆ ಹಾಕಿಕೊಂಡೆ. ಹೊರಗೆ ಬಂದರೆ ಶಾಂತವ್ವ ದಾರಿ ಅಡ್ಡಗಟ್ಟಿದಳು. "ನಮ್ಮ ಮನ್ಯಾಗೂ ತೊಲಿ ಕೆಳಗ ಒಂದ ಮೊಳ ಬಿಟ್ಟೀನ್ರಿ. ಬಂದು ನೋಡ್ರಿ, ನಮ್ಮಾಗೂ ಅದಾವ." ಬನ್ನಿಯ ಸಂಜೆಯೇ ಮನೆಗೆ ಹೋಗಿ ಹೊಸ ಸಾರಣೆಯನ್ನು ಮೊಳದಷ್ಟು ಕೆರೆದಿದ್ದಳಂತೆ. ಅಲ್ಲಿ ಒಂದೇ ಒಂದು ನೊಣ ಇತ್ತು, ಅದೂ ಗಂಡು. ಮರ್ಯಾದೆಗೆ ಹಿಡಿದುಕೊಂಡೆ.

ಆ ನೊಣಗಳ ಹೊಟ್ಟೆಯಲ್ಲಿ ಸಿಕ್ಕ ಬ್ಯಾಕ್ಟೀರಿಯಾಗಳಲ್ಲಿ ಹಲವು ಗೋಡೆಯ ಮಣ್ಣಿನಲ್ಲೂ ಇದ್ದವು. ಮರಿಯಾಗಿದ್ದಾಗ ಕೊಟಗಿಯ ಹಸಿ ಮಣ್ಣು ತಿಂದು ಬೆಳೆದದ್ದರ ಹೆಪ್ಪು ದೊಡ್ಡದಾದ ಮೇಲೂ ಹೊಟ್ಟೆಯಲ್ಲಿ ಉಳಿದಿರಬಹುದು. ಜ್ವರದ ಹುಳವನ್ನು ಅವು ತಡೆಯುತ್ತವೆಯೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಬೇರೆಯವರು ಅದರ ಬೆನ್ನು ಹತ್ತಿದ್ದಾರೆ. ನನಗೆ ನನ್ನ ಪಾಲಿನದು ಸಿಕ್ಕಿತ್ತು. ಪದವಿ ಬಂತು, ಗದಗಿನ ಕಾಲೇಜಿನಲ್ಲಿ ಕೆಲಸವೂ ಬಂತು.

ಬೆಟಗೇರಿಯ ಓಣಿಯಲ್ಲಿ ಆ ವಾಸನೆ ಬಂದ ಮೇಲೆ ಮನಸ್ಸು ನಿಲ್ಲಲಿಲ್ಲ. ಈ ಸಲವೂ ಬನ್ನಿಯ ಮರುದಿನ ನೋಡಿ ಶಿರಹಟ್ಟಿಯ ಬಸ್ಸು ಹತ್ತಿದೆ, ಕಡೆಯ ಸಲ ಆ ಊರಿಗೆ ಹೋಗಿ ಬಂದ ನಾಲ್ಕು ವರ್ಷದ ಮೇಲೆ. ಕೊಟಗಿ ಈಗ ಸಿಮೆಂಟಿನದು. ನೀಲವ್ವ ತುಸು ಬಗ್ಗಿದ್ದಾಳೆ, ಚಹಾ ಅದೇ ಚಹಾ. ಗೋಡೆ ಹೋಯಿತಲ್ಲ ಎಂದು ನನ್ನ ಮುಖ ಸಣ್ಣದಾದದ್ದು ಅವಳಿಗೆ ಕಂಡಿತು.

"ನಿನ್ನ ಹೆಪ್ಪು ಏನಾತು?" ಎಂದು ಕೇಳಿದಳು.

ಇದೆ ಎಂದೆ. ಆ ಮಳೆಗಾಲದ ಬ್ಯಾಕ್ಟೀರಿಯಾಗಳು ಸಣ್ಣ ಸಣ್ಣ ಶೀಶೆಗಳಲ್ಲಿ, ನಮ್ಮ ಕಾಲೇಜಿನ ಫ್ರೀಜರಿನಲ್ಲಿ, ಮಲಗಿವೆ. ತಟ್ಟೆಯ ಮೇಲೆ ಹಾಕಿ ಬೆಚ್ಚಗಿಟ್ಟರೆ ಇವತ್ತಿಗೂ ಏಳುತ್ತವೆ, ಅದೇ ಹಳದಿ, ಅದೇ ಗುಲಾಬಿ.

"ಗ್ವಾಡಿ ಹೋತು, ಗ್ವಾಡಿ ಹೆಪ್ಪು ಐತಿ ಅನ್ನು" ಎಂದು ಬಹಳ ಹೊತ್ತು ಸಮಾಧಾನದಿಂದ ತಲೆದೂಗಿದಳು. ಬಳಿಕ ಏನೋ ನೆನಪಾದವಳಂತೆ, "ಡಬ್ಬಿ ಮ್ಯಾಲ ಏನ ಬರದೀ?" ಅಂದಳು.

"ಮನಿ ಏಳು ಅಂತ. ಹೆಸರ ಬ್ಯಾಡ ಅಂದಿದ್ರೆಲ್ಲ ನೀವು."

ನೀಲವ್ವ ಶಾಂತವ್ವನ ಮನೆಯ ಕಡೆ ಒಮ್ಮೆ ನೋಡಿದಳು. ನಡುವಿನ ಗೋಡೆಯೂ ಈಗ ಸಿಮೆಂಟಿನದು, ಸಾರಿಸುವ ಪಂತ ಮುಗಿದು ಎಷ್ಟೋ ದಿನವಾಗಿತ್ತು. ಸೆರಗು ಸರಿ ಮಾಡಿಕೊಂಡು ಹೇಳಿದಳು:

"ಈಗ ಬರಿ. ದೊಡ್ಡ ಅಕ್ಷರದಾಗ ಬರಿ. ಊರ ಹೆಸರ ಬ್ಯಾಡ, ಅದರಾಗ ಶಾಂತವ್ವನೂ ಬರತಾಳ."

ಮರುದಿನ ಕಾಲೇಜಿಗೆ ಹೋದವಳು ಮೊದಲು ಫ್ರೀಜರಿನ ಬಾಗಿಲು ತೆಗೆದೆ. ಡಬ್ಬಿಯ ಮೇಲಿನ ಹಿಮ ಒರೆಸಿ, "ಮನೆ ೭" ಎಂಬುದರ ಕೆಳಗೆ, ದಪ್ಪ ಪೆನ್ನಿನಿಂದ ಬರೆದೆ: ನೀಲವ್ವನ ಗ್ವಾಡಿ.